ತಟ್ಟೆಯಿಂದ ಹೊಲಕ್ಕೆ: ಆಹಾರ ಬರುವ ದಾರಿಯನ್ನು ಜನರಿಗೆ ತೋರಿಸಿಕೊಡುವ ಬಗೆ

ಶಾಲೆ, ಗ್ರಂಥಾಲಯ, ಬಡಾವಣೆಯ ನಿವಾಸಿಗಳ ಸಂಘ, ಮಹಿಳಾ ಮಂಡಳಿ ಹೀಗೆ ಎಲ್ಲಿಯೇ ಆಗಲಿ, ನಾವು ಉಣ್ಣುವ ಆಹಾರ ಹೊಲದಿಂದ ಮನೆಗೆ ಬರುವ ಬಗೆಯನ್ನು ಜನರಿಗೆ ತಿಳಿಸಿಕೊಡಬೇಕೆಂದು ಹೊರಡುವವರು ಬಹುಮಟ್ಟಿಗೆ ಒಂದು ಚಿತ್ರಪಟದಿಂದ ಆರಂಭಿಸುತ್ತಾರೆ. ಒಂದು ತುದಿಯಲ್ಲಿ ರೈತ, ಇನ್ನೊಂದು ತುದಿಯಲ್ಲಿ ಊಟದ ತಟ್ಟೆ, ನಡುವೆ ಲಾರಿ, ಅಂಗಡಿ ಮತ್ತು ಬಾಣದ ಗುರುತುಗಳು. ಪಟದಲ್ಲಿ ತಪ್ಪೇನೂ ಇರುವುದಿಲ್ಲ, ಆದರೆ ಅದನ್ನು ನೋಡಿಕೊಂಡು ಹೋದವರು ಮರುದಿನ ತರಕಾರಿ ಅಂಗಡಿಯ ಮುಂದೆ ನಿಂತಾಗ ಮೊದಲಿಗಿಂತ ಹೆಚ್ಚಿನದೇನನ್ನೂ ಕಾಣುವುದಿಲ್ಲ. ಬೆಲೆಯನ್ನು ಯಾರು ಕಟ್ಟುತ್ತಾರೆ, ಕೊಳೆತ ಕಾಯಿಯ ನಷ್ಟ ಯಾರ ತಲೆಯ ಮೇಲೆ ಬೀಳುತ್ತದೆ, ರೈತನ ಚೀಟಿಯಲ್ಲಿ ಏನೇನು ಕಡಿತವಾಗುತ್ತದೆ ಎಂಬ ಸಂಗತಿಗಳೆಲ್ಲ ಆ ಬಾಣದ ಗುರುತುಗಳ ಒಳಗೇ ಉಳಿದುಬಿಡುತ್ತವೆ.

ಈ ಲೇಖನದಲ್ಲಿ ಹೇಳುವ ಕ್ರಮ ಬೇರೆ ಬಗೆಯದು. ಒಂದೇ ಒಂದು ಪದಾರ್ಥವನ್ನು ಆರಿಸಿಕೊಂಡು, ಅಡುಗೆಮನೆಯಿಂದ ಹಿಂದಕ್ಕೆ ಹೊರಟು, ಅದು ಕೈ ಬದಲಾಯಿಸುವ ಪ್ರತಿ ಜಾಗದಲ್ಲಿಯೂ ತೂಕ ಮತ್ತು ಬೆಲೆಯನ್ನು ಬರೆದುಕೊಳ್ಳುತ್ತ ಹೊಲದವರೆಗೆ ಹೋಗುವುದು ಇದರ ತಿರುಳು. ಉದಾಹರಣೆಗೆ ಕೋಲಾರದಿಂದ ಬೆಂಗಳೂರಿಗೆ ಬರುವ ಟೊಮೆಟೊವನ್ನು ತೆಗೆದುಕೊಂಡಿದ್ದೇನೆ. ರಾಗಿ ಮತ್ತು ಹಾಲಿನ ದಾರಿ ಎಲ್ಲಿ ಬೇರೆಯಾಗುತ್ತದೆ ಎಂಬುದನ್ನು ಕೊನೆಯಲ್ಲಿ ಹೇಳಿದ್ದೇನೆ. ಇಪ್ಪತ್ತು, ಇಪ್ಪತ್ತೈದು ಜನರ ಗುಂಪಿಗೆ, ನಾಲ್ಕೈದು ವಾರಗಳಲ್ಲಿ ಹರಡಿಕೊಂಡ ಕಾರ್ಯಕ್ರಮವೆಂದು ಇದನ್ನು ಭಾವಿಸಿಕೊಳ್ಳಬಹುದು. ಗುಂಪು ಇದಕ್ಕಿಂತ ದೊಡ್ಡದಾದರೆ ಮಾರುಕಟ್ಟೆಯಲ್ಲಿ ಹಮಾಲರ ಕಾಲಿಗೆ ಅಡ್ಡ ಬರುವುದರ ಹೊರತು ಬೇರೇನೂ ಆಗದು.

ಮೊದಲ ಹೆಜ್ಜೆ: ಪದಾರ್ಥವನ್ನು ಆರಿಸುವುದು

ಆರಿಸುವ ಪದಾರ್ಥಕ್ಕೆ ಮೂರು ಗುಣಗಳಿರಬೇಕು. ಅದು ಭಾಗವಹಿಸುವವರ ಮನೆಯಲ್ಲಿ ದಿನವೂ ಬಳಕೆಯಾಗುವಂಥದ್ದಾಗಿರಬೇಕು, ಒಂದು ದಿನದಲ್ಲಿ ಹೋಗಿ ಬರುವಷ್ಟು ದೂರದಲ್ಲಿ ಬೆಳೆಯುವಂಥದ್ದಾಗಿರಬೇಕು, ಮತ್ತು ಕಾರ್ಯಕ್ರಮ ನಡೆಯುವ ತಿಂಗಳಲ್ಲಿ ಹೊಲದಲ್ಲಿ ಕಣ್ಣಿಗೆ ಕಾಣುವಂತಿರಬೇಕು. ಮೂರನೆಯದನ್ನು ಮರೆತು ದಿನ ಗೊತ್ತುಮಾಡಿಕೊಂಡು, ಬರಿಯ ಉತ್ತ ನೆಲದ ಮುಂದೆ ಮಕ್ಕಳನ್ನು ನಿಲ್ಲಿಸಿ ಭಾಷಣ ಮಾಡುವ ಕಾರ್ಯಕ್ರಮಗಳು ಕಡಿಮೆಯೇನಿಲ್ಲ.

ಬೆಂಗಳೂರಿನವರಿಗೆ ಟೊಮೆಟೊ ಈ ಮೂರಕ್ಕೂ ಒದಗುತ್ತದೆ. ಕೋಲಾರ ಸುಮಾರು 70 ಕಿಲೋಮೀಟರ್ ದೂರದಲ್ಲಿದೆ. ಅಲ್ಲಿನ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ ಪ್ರಾಂಗಣ ದೇಶದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು. ವರ್ಷವಿಡೀ ಅಲ್ಲಿ ವಹಿವಾಟು ಇರುತ್ತದೆಯಾದರೂ ಬೇಸಿಗೆಯ ಕೊನೆಯಿಂದ ಮುಂಗಾರಿನ ನಡುವಿನವರೆಗೆ ಆವಕ, ಅಂದರೆ ಮಾರುಕಟ್ಟೆಗೆ ಬರುವ ಸರಕು, ಹೆಚ್ಚು. ಟೊಮೆಟೊವನ್ನು ಆರಿಸಲು ಇನ್ನೂ ಒಂದು ಕಾರಣವಿದೆ: ಇದು ಕೆಡುವ ಪದಾರ್ಥ. ಕೆಡುವ ಪದಾರ್ಥ ಕೈಯಲ್ಲಿದ್ದವನಿಗೆ ಕಾಯುವ ಸ್ವಾತಂತ್ರ್ಯ ಇರುವುದಿಲ್ಲ, ಬೆಲೆಯ ಏರಿಳಿತದ ಬಹುಪಾಲು ಕತೆ ಇಲ್ಲಿಂದಲೇ ಹುಟ್ಟುತ್ತದೆ.

ಎರಡನೆಯ ಹೆಜ್ಜೆ: ಬೆಲೆಯ ಪುಸ್ತಕ

ಎಲ್ಲಿಗೂ ಹೊರಡುವ ಮುನ್ನ, ಕನಿಷ್ಠ ಎರಡು ವಾರ, ಭಾಗವಹಿಸುವ ಪ್ರತಿಯೊಬ್ಬರೂ ತಮ್ಮ ಬೀದಿಯ ಟೊಮೆಟೊ ಬೆಲೆಯನ್ನು ದಿನವೂ ಬರೆದಿಡಬೇಕು. ತಳ್ಳುಗಾಡಿಯವರ ಬೆಲೆ, ಅಂಗಡಿಯ ಬೆಲೆ, ಹಾಪ್‌ಕಾಮ್ಸ್ ಮಳಿಗೆಯ ಬೆಲೆ, ಮೊಬೈಲಿನಲ್ಲಿ ತರಿಸಿಕೊಳ್ಳುವವರಿದ್ದರೆ ಆ ಬೆಲೆ, ಹೀಗೆ ಗುಂಪಿನೊಳಗೆ ಹಂಚಿಕೊಂಡರೆ ಕೆಲಸ ಹಗುರವಾಗುತ್ತದೆ. ಹಾಪ್‌ಕಾಮ್ಸ್ 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಆರಂಭವಾಯಿತೆಂಬುದನ್ನು, ಅಂದರೆ ಅಲ್ಲಿ ಕೊಳ್ಳುವಾಗ ದಾರಿಯ ಒಂದೆರಡು ಕೈಗಳು ಕಡಿಮೆಯಾಗುತ್ತವೆ ಎಂಬುದನ್ನು ಈ ಹಂತದಲ್ಲಿ ಹೇಳಿದರೆ ಸಾಕು. ಆ ಬೆಲೆಯನ್ನು ಪಕ್ಕದ ಅಂಗಡಿಯ ಬೆಲೆಯೊಡನೆ ಹೋಲಿಸುವ ಕೆಲಸ ಪುಸ್ತಕಕ್ಕೆ ಬಿಡಿ.

ಇದೇ ದಿನಗಳಲ್ಲಿ ಒಬ್ಬರು ಕೋಲಾರ ಮಾರುಕಟ್ಟೆಯ ಸಗಟು ಬೆಲೆಯನ್ನೂ ಬರೆಯುತ್ತಿರಬೇಕು. ರಾಜ್ಯದ ಕೃಷಿ ಮಾರಾಟ ಇಲಾಖೆಯ ಕೃಷಿ ಮಾರಾಟ ವಾಹಿನಿ ಎಂಬ ಜಾಲತಾಣದಲ್ಲಿ ಮಾರುಕಟ್ಟೆವಾರು ದರಗಳು ಸಿಗುತ್ತವೆ, ಪತ್ರಿಕೆಗಳಲ್ಲಿಯೂ ಬರುತ್ತವೆ. ಜಾಲತಾಣದಲ್ಲಿ ದರವನ್ನು ಕ್ವಿಂಟಾಲಿನ ಲೆಕ್ಕದಲ್ಲಿ ಕೊಟ್ಟಿರುತ್ತಾರೆ. ಆದರೆ ಕೋಲಾರದ ಪ್ರಾಂಗಣದಲ್ಲಿ ಮಾತಾಡುವುದು 15 ಕಿಲೋ ತೂಗುವ ಬಾಕ್ಸಿನ ಲೆಕ್ಕದಲ್ಲಿ. ಆದ್ದರಿಂದ ಪುಸ್ತಕದಲ್ಲಿ ಕಿಲೋ, ಬಾಕ್ಸು, ಕ್ವಿಂಟಾಲ್ ಎಂಬ ಮೂರು ಅಂಕಣಗಳನ್ನು ಗೆರೆ ಎಳೆದು ಇಟ್ಟುಕೊಳ್ಳುವುದು ಒಳ್ಳೆಯದು. ಶಾಲಾ ಮಕ್ಕಳಿಗಾದರೆ ಗಣಿತದ ಒಂದು ಪಾಠ ಇಲ್ಲಿಯೇ ಮುಗಿಯುತ್ತದೆ.

ಎರಡು ವಾರಗಳ ಪುಸ್ತಕವನ್ನು ಎದುರಿಗಿಟ್ಟುಕೊಂಡು ಒಂದು ಸಂಜೆ ಎಲ್ಲರೂ ಕೂತರೆ, ಸಗಟು ಬೆಲೆ ಇಳಿದ ದಿನವೇ ಬೀದಿಯ ಬೆಲೆ ಇಳಿಯಿತೇ, ಏರಿದಾಗ ಎಷ್ಟು ಬೇಗ ಏರಿತು ಎಂಬ ಪ್ರಶ್ನೆಗಳು ಯಾರೂ ಹೇಳಿಕೊಡದೆ ಏಳುತ್ತವೆ. ಉತ್ತರ ಕೊಡಲು ಅವಸರ ಬೇಡ. ಆ ಪ್ರಶ್ನೆಗಳನ್ನೇ ದೊಡ್ಡ ಹಾಳೆಯಲ್ಲಿ ಬರೆದು ಮಾರುಕಟ್ಟೆಗೆ ಹೋಗುವಾಗ ಜೊತೆಗೆ ಒಯ್ಯಿರಿ.

ಮೂರನೆಯ ಹೆಜ್ಜೆ: ಅಡುಗೆಮನೆ ಮತ್ತು ಬೀದಿಯ ಅಂಗಡಿ

ಇಲ್ಲಿ ಮಾಡಬೇಕಾದ ಕೆಲಸ ಒಂದೇ, ತೂಗುವುದು. ಒಂದು ಕಿಲೋ ಟೊಮೆಟೊ ತಂದ ಮನೆಯಲ್ಲಿ ಎಷ್ಟು ಅಡುಗೆಗೆ ಹೋಯಿತು, ಎಷ್ಟು ಮೆತ್ತಗಾಗಿ ಬುಟ್ಟಿಗೆ ಹೋಯಿತು ಎಂಬುದನ್ನು ಒಂದು ವಾರ ತೂಗಿ ಬರೆಯಲಿ. ಗಟ್ಟಿಯಾದ ದೋರೆಗಾಯಿಯನ್ನು ತಂದ ಕೂಡಲೇ ಫ್ರಿಜ್ಜಿಗೆ ಹಾಕುವ ಮನೆಗಳಲ್ಲಿ ಅದು ಸರಿಯಾಗಿ ಹಣ್ಣಾಗದೆ ರುಚಿಗೆಟ್ಟು ಹೋಗುವುದನ್ನು ಆಗ ಅವರೇ ಕಂಡುಕೊಳ್ಳುತ್ತಾರೆ. ಬಳಿಕ ಪರಿಚಯದ ಅಂಗಡಿಯವರೊಬ್ಬರನ್ನು ಒಪ್ಪಿಸಿ, ಒಂದು ಬಾಕ್ಸು ತಂದಾಗಿನಿಂದ ಅದು ಬರಿದಾಗುವವರೆಗೆ ಎಷ್ಟು ಕಿಲೋ ಮಾರಾಟವಾಯಿತು, ಎಷ್ಟನ್ನು ಕಡಿಮೆ ಬೆಲೆಗೆ ಕೊಟ್ಟರು, ಎಷ್ಟನ್ನು ಎಸೆದರು ಎಂದು ಬರೆದಿಡಲು ಕೇಳಿಕೊಳ್ಳಿ. ಅವರಿಗೆ ಬಿಡುವಿರುವುದಿಲ್ಲ, ಹಾಗಾಗಿ ಗುಂಪಿನ ಒಬ್ಬರು ಬೆಳಿಗ್ಗೆ ಮತ್ತು ರಾತ್ರಿ ಹೋಗಿ ಬರೆದುಕೊಳ್ಳಬೇಕಾಗಬಹುದು.

ಅಂಗಡಿಯವರ ಹತ್ತಿರ ಲಾಭವೆಷ್ಟು ಎಂದು ನೇರವಾಗಿ ಕೇಳಬಾರದು. ಯಾವ ಮಾರುಕಟ್ಟೆಯಿಂದ ತಂದಿರಿ, ಎಷ್ಟು ಹೊತ್ತಿಗೆ ಮನೆಯಿಂದ ಹೊರಟಿರಿ, ಆಟೋ ಬಾಡಿಗೆಯನ್ನು ಎಷ್ಟು ಜನ ಹಂಚಿಕೊಂಡಿರಿ ಎಂದು ಕೇಳಿದರೆ ಅವರೇ ಬಿಡಿಸಿ ಹೇಳುತ್ತಾರೆ. ಕಲಾಸಿಪಾಳ್ಯ ಅಥವಾ ಯಶವಂತಪುರದಿಂದ ನಸುಕಿನಲ್ಲಿ ಸರಕು ಎತ್ತಿಕೊಂಡು ಬರುವ ತಳ್ಳುಗಾಡಿಯ ಹೆಂಗಸಿನ ದಿನ ಎಷ್ಟು ಹೊತ್ತಿಗೆ ಶುರುವಾಗುತ್ತದೆ ಎಂಬುದು ನಗರದ ಬಹುಪಾಲು ಗಿರಾಕಿಗಳಿಗೆ ಗೊತ್ತಿರುವುದಿಲ್ಲ. ಅಂಗಡಿಯ ತಕ್ಕಡಿಯ ಮೇಲೆ ಕಾನೂನು ಮಾಪನ ಶಾಸ್ತ್ರ ಇಲಾಖೆಯ ಮುದ್ರೆ ಇರಬೇಕೆಂಬುದನ್ನೂ ಇದೇ ಹಂತದಲ್ಲಿ ಹೇಳಬಹುದು, ಆದರೆ ಎಲ್ಲರ ಮುಂದೆ ಅಂಗಡಿಯವರನ್ನು ಪರೀಕ್ಷಿಸುವ ಧಾಟಿಯಲ್ಲಿ ಬೇಡ.

ನಾಲ್ಕನೆಯ ಹೆಜ್ಜೆ: ಮಾರುಕಟ್ಟೆ

ಇಡೀ ಕಾರ್ಯಕ್ರಮದಲ್ಲಿ ಹೆಚ್ಚು ಸಿದ್ಧತೆ ಬೇಕಾದದ್ದು ಈ ಹಂತಕ್ಕೆ. ಮಾರುಕಟ್ಟೆ ಸಮಿತಿಯ ಕಾರ್ಯದರ್ಶಿಯವರಿಗೆ ಮುಂಚಿತವಾಗಿ ಪತ್ರ ಬರೆದು ಅನುಮತಿ ಪಡೆಯಬೇಕು. ಹರಾಜಿನ ಹೊತ್ತು ಹಂಗಾಮಿನಿಂದ ಹಂಗಾಮಿಗೆ ಬದಲಾಗುವುದರಿಂದ ಹಿಂದಿನ ದಿನ ಇನ್ನೊಮ್ಮೆ ವಿಚಾರಿಸಬೇಕು. ಕೋಲಾರದ ಪ್ರಾಂಗಣದಲ್ಲಿ ಕನ್ನಡದಷ್ಟೇ ತೆಲುಗು ಕೇಳಿಬರುತ್ತದೆ, ಹೊರರಾಜ್ಯಗಳ ಖರೀದಿದಾರರ ಜೊತೆ ಹಿಂದಿಯೂ ಓಡುತ್ತದೆ. ಗುಂಪಿನಲ್ಲಿ ತೆಲುಗು ಬಲ್ಲವರೊಬ್ಬರಿದ್ದರೆ ಅರ್ಧ ಕೆಲಸ ಸುಲಭವಾಗುತ್ತದೆ.

ಒಳಗೆ ಹೋದ ಮೇಲೆ ಎಲ್ಲವನ್ನೂ ತೋರಿಸುವ ಆಸೆಯನ್ನು ಬಿಟ್ಟು, ಒಂದೇ ಮಂಡಿಯ (ದಲ್ಲಾಳಿಯ ಮಳಿಗೆಯ) ಮುಂದೆ, ಒಬ್ಬ ರೈತನ ಒಂದು ಸಾಲು ಬಾಕ್ಸುಗಳು ಇಳಿಯುವಲ್ಲಿಂದ ಲಾರಿ ಏರುವವರೆಗೆ ನಿಂತು ನೋಡಿ. ರೈತ ತಂದ ಬಾಕ್ಸುಗಳನ್ನು ಮಂಡಿಯ ಮುಂದೆ ಸಾಲಾಗಿ ಜೋಡಿಸಿರುತ್ತಾರೆ. ಗಾತ್ರ, ಬಣ್ಣ, ಗಟ್ಟಿತನ ನೋಡಿ ಬೇರೆ ಬೇರೆ ಸಾಲು ಮಾಡಿರುತ್ತಾರೆ. ಹರಾಜು ಕೂಗುವವರು ಸಾಲಿನಿಂದ ಸಾಲಿಗೆ ನಡೆಯುತ್ತ ಹೋಗುತ್ತಾರೆ, ಖರೀದಿದಾರರು ಗುಂಪಾಗಿ ಹಿಂಬಾಲಿಸುತ್ತಾರೆ, ಯಾರೋ ಒಬ್ಬರು ಬಾಕ್ಸಿನ ಮೇಲಿನ ಕಾಯಿಗಳನ್ನು ಸರಿಸಿ ಒಳಗೆ ಕೈ ಹಾಕಿ ಕೆಳಗಿನ ಪದರದಿಂದ ಎರಡು ಕಾಯಿ ಎತ್ತಿ ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ. ಕೆಲವೇ ಕ್ಷಣಗಳಲ್ಲಿ ಒಂದು ಬೆಲೆ ನಿಲ್ಲುತ್ತದೆ. ಮೂರು ತಿಂಗಳ ಬೆಳೆಯ ಬೆಲೆ ಅಷ್ಟು ಬೇಗ ಗೊತ್ತಾಗಿಬಿಡುವುದು ಮೊದಲ ಸಲ ನೋಡುವವರನ್ನು ಬೆರಗುಗೊಳಿಸುತ್ತದೆ, ಆದ್ದರಿಂದ ಎರಡು ಮೂರು ಸಾಲುಗಳ ಹರಾಜನ್ನು ನೋಡಲು ಬಿಟ್ಟು ಆಮೇಲೆ ವಿವರಿಸಿ.

ವಿವರಿಸುವಾಗ ಹೇಳಬೇಕಾದ ಮುಖ್ಯ ಸಂಗತಿ, ಖರೀದಿದಾರರು ಸರಕನ್ನು ಎಲ್ಲಿಗೆ ಕಳಿಸುವವರು ಎಂಬುದು. ಹತ್ತಿರದ ಬೆಂಗಳೂರಿಗೆ ಕೆಂಪಾದ ಹಣ್ಣು ನಡೆಯುತ್ತದೆ. ದೆಹಲಿ, ಕೋಲ್ಕತ್ತದ ಕಡೆಗೆ ದಿನಗಟ್ಟಲೆ ಪ್ರಯಾಣ ಮಾಡಬೇಕಾದ ಕಾಯಿ ತುದಿಯಲ್ಲಿ ಮಾತ್ರ ಬಣ್ಣ ತಿರುಗಿ, ಗಟ್ಟಿಯಾಗಿರಬೇಕು. ಹೀಗಾಗಿ ಒಂದೇ ಹೊಲದ ಕಾಯಿಗೆ, ಅಂದು ದೂರದ ಲಾರಿಗಳು ಎಷ್ಟು ನಿಂತಿವೆ ಎಂಬುದರ ಮೇಲೆ ಬೆಲೆ ಬೇರೆಯಾಗುತ್ತದೆ. ಮಹಾರಾಷ್ಟ್ರದ ನಾಸಿಕ್ ಕಡೆ ಬೆಳೆ ಕೈಕೊಟ್ಟಿತೆಂದರೆ ಕೋಲಾರದಲ್ಲಿ ಬೆಲೆ ಏರುತ್ತದೆ, ಅಲ್ಲಿ ಬೆಳೆ ಚೆನ್ನಾಗಿ ಬಂದರೆ ಇಲ್ಲಿ ಇಳಿಯುತ್ತದೆ.

2023ರ ಬೆಲೆಗಳನ್ನು ಇಲ್ಲಿ ನಿಂತು ಹೇಳಿದರೆ ಚೆನ್ನಾಗಿ ಮನಸ್ಸಿಗೆ ಹತ್ತುತ್ತದೆ. ಆ ವರ್ಷದ ಜುಲೈನಲ್ಲಿ 15 ಕಿಲೋ ಬಾಕ್ಸು ಕೋಲಾರದಲ್ಲಿ 2,000 ರೂಪಾಯಿ ದಾಟಿತು; ಹೊಲಗಳಿಗೆ ರಾತ್ರಿ ಕಾವಲು ಹಾಕಿದ ಸುದ್ದಿಗಳು ಬಂದವು. ಸೆಪ್ಟೆಂಬರ್ ಹೊತ್ತಿಗೆ ಬೆಲೆ ನೆಲಕಚ್ಚಿತ್ತು. ಸಸಿ ನಾಟಿ ಮಾಡಿದ ಎರಡು, ಎರಡೂವರೆ ತಿಂಗಳಿಗೆ ಮೊದಲ ಕೊಯ್ಲು ಸಿಗುವ ಬೆಳೆ ಇದು. ಬೆಲೆ ಏರಿದ್ದನ್ನು ನೋಡಿ ನಾಟಿ ಮಾಡಿದವರೆಲ್ಲರ ಕಾಯಿ ಒಟ್ಟಿಗೆ ಮಾರುಕಟ್ಟೆಗೆ ಬರುವ ಹೊತ್ತಿಗೆ ಆ ಬೆಲೆ ಇರುವುದಿಲ್ಲ. ಬೆಲೆ ಏರಿದ ತಿಂಗಳಲ್ಲಿ ರೈತರೆಲ್ಲ ಹಣ ಮಾಡಿದರು ಎಂಬ ಮಾತನ್ನು ನಗರದಲ್ಲಿ ಕೇಳುತ್ತೇವೆ; ಏರಿದ್ದಕ್ಕೆ ಕಾರಣವೇ ಹೆಚ್ಚಿನವರ ಹೊಲದಲ್ಲಿ ಕಾಯಿ ಇಲ್ಲದಿದ್ದದ್ದು ಎಂಬುದನ್ನು ಗುಂಪು ಮಾರುಕಟ್ಟೆಯಲ್ಲಿ ನಿಂತಾಗ ಬೇಗ ಗ್ರಹಿಸುತ್ತದೆ.

ಮಾರುಕಟ್ಟೆಯಿಂದ ಹೊರಡುವ ಮುನ್ನ ಒಪ್ಪುವ ರೈತರೊಬ್ಬರಿಂದ ಮಾರಾಟದ ಪಟ್ಟಿಯನ್ನು ನೋಡಲು ಕೇಳಿಕೊಳ್ಳಿ. ಹೆಸರಿರುವ ಭಾಗವನ್ನು ಮುಚ್ಚಿ ಅಂಕಿಗಳನ್ನು ಮಾತ್ರ ಬರೆದುಕೊಳ್ಳಿ. ಎಷ್ಟು ಬಾಕ್ಸು, ಯಾವ ದರ, ಹಮಾಲಿ ಎಷ್ಟು, ಬೇರೆ ಕಡಿತ ಎಷ್ಟು ಎಂಬುದು ಅದರಲ್ಲಿರುತ್ತದೆ. ದಲ್ಲಾಳಿಯ ಕಮಿಷನ್ನನ್ನು ಕೊಳ್ಳುವವರಿಂದ ಪಡೆಯಬೇಕು, ರೈತರಿಂದ ಪಡೆಯಬಾರದು ಎಂಬುದು ರಾಜ್ಯದ ಮಾರುಕಟ್ಟೆ ನಿಯಮ. ಅಧಿಕೃತ ರಸೀದಿಯ ಬದಲು ಬಿಳಿ ಚೀಟಿಯಲ್ಲಿ ಲೆಕ್ಕ ಬರೆದುಕೊಟ್ಟು ಕಮಿಷನ್ ಮುರಿದುಕೊಳ್ಳುವ ಬಗ್ಗೆ ರೈತ ಸಂಘಟನೆಗಳು ವರ್ಷಗಳಿಂದ ದೂರುತ್ತಲೇ ಬಂದಿವೆ. ನೋಡಿದ ಚೀಟಿಯಲ್ಲಿ ಏನಿದೆಯೋ ಅದನ್ನು ಬರೆದುಕೊಂಡು ಬನ್ನಿ. ಅಲ್ಲಿಯೇ ವಾದಕ್ಕೆ ನಿಂತರೆ ಮರುದಿನ ಅದೇ ಮಂಡಿಗೆ ಸರಕು ತರಬೇಕಾದವನು ಆ ರೈತ. ಮಂಡಿಯವರ ಮಾತನ್ನೂ ಕೇಳಲೇಬೇಕು. ಬಿತ್ತನೆಗೂ ಮದುವೆಗೂ ರೈತನಿಗೆ ಮುಂಗಡ ಕೊಡುವವರು, ಹೊರರಾಜ್ಯದ ಖರೀದಿದಾರ ಹಣ ಉಳಿಸಿಕೊಂಡಾಗ ಕೈಯಿಂದ ತುಂಬಿಕೊಡುವವರು ಅನೇಕ ಸಲ ಅವರೇ ಆಗಿರುತ್ತಾರೆ, ಮತ್ತು ಮುಂಗಡ ಪಡೆದ ರೈತ ಬೇರೆ ಮಂಡಿಗೆ ಹೋಗಲಾರದಿರುವುದಕ್ಕೂ ಅದೇ ಕಾರಣ.

ಐದನೆಯ ಹೆಜ್ಜೆ: ಹೊಲ

ಹೊಲವನ್ನು ಹುಡುಕಿಕೊಳ್ಳಲು ಹೋಬಳಿಯ ರೈತ ಸಂಪರ್ಕ ಕೇಂದ್ರ, ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿ ಅಥವಾ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವನ್ನು ಕೇಳಬಹುದು. ಕೋಲಾರದ ಕೇಂದ್ರ ಟಮಕದಲ್ಲಿದೆ. ಇಲಾಖೆಯವರು ಸಹಜವಾಗಿಯೇ ಪ್ರಶಸ್ತಿ ಪಡೆದ ಪ್ರಗತಿಪರ ರೈತರ ಹೊಲವನ್ನು ತೋರಿಸುತ್ತಾರೆ. ಅದನ್ನು ನೋಡಿ, ಆದರೆ ಅದರ ಪಕ್ಕದ ಒಂದೆರಡು ಎಕರೆಯ ಸಾಮಾನ್ಯ ಹೊಲವನ್ನೂ ನೋಡಲೇಬೇಕೆಂದು ಕೇಳಿ. ಕೊಯ್ಲಿನ ದಿನ ಹೋಗುವುದಾದರೆ ಬೆಳಿಗ್ಗೆ ಬೇಗ ತಲುಪಬೇಕು, ಕೊಯ್ಲಿನ ಕೂಲಿಯವರ ಕೆಲಸ ನಿಲ್ಲಿಸಬಾರದು, ಮತ್ತು ರೈತನ ಅರ್ಧ ದಿನಕ್ಕೆ ಗೌರವಧನ ಕೊಡಬೇಕು. ನೀರು ಬಿಟ್ಟು ಬೇರೇನನ್ನೂ ಅವರ ಮನೆಯಿಂದ ನಿರೀಕ್ಷಿಸಬಾರದು. ಹಿರಿಯರನ್ನು ಯಜಮಾನರೇ ಎಂದೋ ಅಣ್ಣ, ಅಕ್ಕ ಎಂದೋ ಬಹುವಚನದಲ್ಲಿ ಮಾತಾಡಿಸಬೇಕೆಂದು ನಗರದ ಮಕ್ಕಳಿಗೆ ಬಸ್ಸಿನಲ್ಲಿಯೇ ಹೇಳಿಡಿ.

ಹೊಲದಲ್ಲಿ ತೋರಿಸಬೇಕಾದದ್ದನ್ನು ಖರ್ಚಿನ ಕ್ರಮದಲ್ಲಿ ತೋರಿಸುವುದು ನನಗೆ ಸರಿ ಕಂಡಿದೆ, ಏಕೆಂದರೆ ಬೆಲೆಯ ಪುಸ್ತಕ ಇನ್ನೂ ಕೈಯಲ್ಲಿರುತ್ತದೆ. ಸಸಿಯನ್ನು ಈಗ ಹೆಚ್ಚಿನವರು ನರ್ಸರಿಯಿಂದ ಟ್ರೇ ಲೆಕ್ಕದಲ್ಲಿ ತರುತ್ತಾರೆ. ಬಿತ್ತಿದ ಸುಮಾರು 25 ದಿನಗಳ ಸಸಿ ಅದು. ಏರು ಮಡಿಯ ಮೇಲೆ ಪ್ಲಾಸ್ಟಿಕ್ ಹೊದಿಕೆ, ಅದರ ಕೆಳಗೆ ಹನಿ ನೀರಾವರಿಯ ಪೈಪು, ಗಿಡ ನಿಲ್ಲಿಸಲು ನೀಲಗಿರಿ ಅಥವಾ ಬಿದಿರಿನ ಕಡ್ಡಿ, ಕಟ್ಟಲು ದಾರ. ಇಷ್ಟಾದ ಮೇಲೆ ಗೊಬ್ಬರ ಮತ್ತು ಔಷಧಿ. ಬಿಳಿ ನೊಣ ಹರಡುವ ಎಲೆ ಮುದುಡು ರೋಗ, ಮಳೆ ಹಿಡಿದುಕೊಂಡಾಗ ಬರುವ ಅಂಗಮಾರಿ ಇವೆರಡನ್ನು ಗಿಡದ ಮೇಲೆಯೇ ತೋರಿಸಿದರೆ ಔಷಧಿಗೆ ಏಕೆ ಅಷ್ಟು ಖರ್ಚಾಗುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಅಭಿವೃದ್ಧಿಪಡಿಸಿದ ಅರ್ಕಾ ರಕ್ಷಕ್ ತಳಿ ಎಲೆ ಮುದುಡು, ದುಂಡಾಣು ಸೊರಗು, ಮುಂಚಿನ ಅಂಗಮಾರಿ (ಅರ್ಲಿ ಬ್ಲೈಟ್) ಎಂಬ ಮೂರೂ ರೋಗಗಳನ್ನು ತಡೆದುಕೊಳ್ಳುವಂತೆ ರೂಪಿಸಿದ್ದು. ರೈತ ಯಾವ ತಳಿ ಹಾಕಿದ್ದಾರೆ, ಅದನ್ನೇ ಏಕೆ ಹಾಕಿದರು ಎಂದು ಕೇಳಿದರೆ ದೂರದ ಮಾರುಕಟ್ಟೆಯ ಸಂಗತಿ ಮತ್ತೆ ಬರುತ್ತದೆ: ಸಿಪ್ಪೆ ಗಟ್ಟಿಯಿರುವ, ಲಾರಿಯಲ್ಲಿ ಒಡೆಯದ ಕಾಯಿಯೇ ಅವರಿಗೆ ಬೇಕು. ಈಗಿನ ಟೊಮೆಟೊದಲ್ಲಿ ಹುಳಿ ಇಲ್ಲವೆಂದು ಅಡುಗೆಮನೆಯಲ್ಲಿ ಗೊಣಗುವವರು ಇದನ್ನು ಗಮನವಿಟ್ಟು ಕೇಳುತ್ತಾರೆ.

ಔಷಧಿ ಹೊಡೆದ ಹೊಲಕ್ಕೆ ಮಕ್ಕಳನ್ನು ಇಳಿಸಬಾರದು. ಹಿಂದಿನ ದಿನವೇ ಕೇಳಿ ಖಚಿತಪಡಿಸಿಕೊಳ್ಳಿ. ಔಷಧಿ ಡಬ್ಬಿಯ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ಬಣ್ಣಗಳಲ್ಲಿ ಇರುವ ಗುರುತು ವಿಷದ ತೀವ್ರತೆಯನ್ನು ತಿಳಿಸುತ್ತದೆ. ಕೆಂಪು ಅತ್ಯಂತ ತೀವ್ರ, ಹಸಿರು ಅತ್ಯಂತ ಕಡಿಮೆ. ಹೊಡೆದ ಎಷ್ಟು ದಿನಗಳ ಬಳಿಕ ಕೊಯ್ಯಬೇಕು ಎಂಬುದೂ ಡಬ್ಬಿಯೊಡನೆ ಬರುವ ಚೀಟಿಯಲ್ಲಿರುತ್ತದೆ. ಬೆಲೆ ಏರುತ್ತಿರುವಾಗ ಅಷ್ಟು ದಿನ ಕಾಯುವುದು ಎಷ್ಟು ಕಷ್ಟವೆಂಬ ಪ್ರಶ್ನೆಯನ್ನು ದೂರುವ ದನಿಯಿಲ್ಲದೆ ಕೇಳಲು ಬಂದರೆ, ರೈತರು ಮುಚ್ಚುಮರೆಯಿಲ್ಲದೆ ಮಾತಾಡುತ್ತಾರೆ.

ಸಸಿ ನೆಡುವವರು, ಕಳೆ ತೆಗೆಯುವವರು, ಕಾಯಿ ಕೊಯ್ಯುವವರು ಹೆಚ್ಚಾಗಿ ಹೆಂಗಸರೇ. ಆದರೂ ಇಂಥ ಭೇಟಿಗಳಲ್ಲಿ ಗುಂಪಿನ ಮುಂದೆ ನಿಂತು ಮಾತಾಡುವವರು ಪಹಣಿಯಲ್ಲಿ ಹೆಸರಿರುವ ಗಂಡಸರು ಮಾತ್ರ. ಯಾವ ಕಾಯಿಯನ್ನು ಇಂದು ಕೊಯ್ಯಬೇಕು, ಯಾವುದನ್ನು ಇನ್ನೆರಡು ದಿನ ಬಿಡಬೇಕು ಎಂದು ನಿಂತ ನಿಲುವಿನಲ್ಲಿ ತೀರ್ಮಾನಿಸುವ ಕೂಲಿಯ ಹೆಣ್ಣುಮಗಳ ಪಕ್ಕದಲ್ಲಿ ಐದು ಜನರನ್ನು ಅರ್ಧ ಗಂಟೆ ಕೆಲಸಕ್ಕೆ ಬಿಡಿ. ತುದಿಯಲ್ಲಿ ಬಣ್ಣ ತಿರುಗಿದ ಕಾಯಿಯನ್ನು ತೊಟ್ಟು ಮುರಿಯದೆ, ಪಕ್ಕದ ಕಾಯಿಗೆ ಗೀರು ಬೀಳದಂತೆ ಬಿಡಿಸುವುದು ನೋಡಿದಷ್ಟು ಸುಲಭವಲ್ಲ. ಆಕೆಯ ದಿನಗೂಲಿ ಎಷ್ಟು, ಹಂಗಾಮಿನಲ್ಲಿ ಎಷ್ಟು ದಿನ ಕೆಲಸ ಸಿಗುತ್ತದೆ ಎಂಬುದೂ ಪುಸ್ತಕಕ್ಕೆ ಬರಲಿ.

ಕೊನೆಗೆ ಕೊಳವೆ ಬಾವಿಯ ಹತ್ತಿರ ನಿಲ್ಲಿಸಿ. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ; ಬೆಳೆ ನಿಂತಿರುವುದು ಕೆರೆ ಮತ್ತು ಕೊಳವೆ ಬಾವಿಗಳ ಮೇಲೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಅಂತರ್ಜಲ ಹೆಚ್ಚಿಸಲು ಜಿಲ್ಲೆಯ ಕೆರೆಗಳಿಗೆ ತುಂಬಿಸಲಾಗುತ್ತಿದೆ. ಸಂಸ್ಕರಣೆ ಇನ್ನೂ ಒಂದು ಹಂತ ಹೆಚ್ಚಬೇಕೆಂಬ ಬೇಡಿಕೆ ಜಿಲ್ಲೆಯಲ್ಲಿ ಇದೆ, ಕೊಳವೆ ಬಾವಿಗಳಲ್ಲಿ ನೀರು ಮೇಲೆ ಬಂದಿತೆಂದು ಸಮಾಧಾನಪಡುವ ರೈತರೂ ಇದ್ದಾರೆ. ಬೆಂಗಳೂರಿನ ಬಚ್ಚಲಿನಿಂದ ಹೋದ ನೀರು ಈ ಕೆರೆಗಳನ್ನು ತುಂಬುತ್ತಿದೆ, ಇಲ್ಲಿನ ಟೊಮೆಟೊ ಬೆಂಗಳೂರಿನ ಅಡುಗೆಮನೆಗೆ ಬರುತ್ತಿದೆ ಎಂಬುದನ್ನು ತಿಳಿದ ಮೇಲೆ ಬಡಾವಣೆಯ ಸಭೆಗಳಲ್ಲಿ ಕೊಳಚೆ ನೀರು ಸಂಸ್ಕರಣಾ ಘಟಕದ ಚರ್ಚೆಯ ಧಾಟಿ ಬದಲಾಗುವುದನ್ನು ನಿರೀಕ್ಷಿಸಬಹುದು.

ಆರನೆಯ ಹೆಜ್ಜೆ: ರೂಪಾಯಿಯ ಲೆಕ್ಕ

ಹೊಲದಿಂದ ಬಂದ ವಾರದೊಳಗೆ ಎಲ್ಲರೂ ಸೇರಿ ಪುಸ್ತಕದ ಅಂಕಿಗಳನ್ನು ಒಂದು ಹಾಳೆಗೆ ಇಳಿಸಬೇಕು. ಲೆಕ್ಕದ ದಾರಿ ತೋರಿಸಲು ಮಾತ್ರ ಕೆಲವು ಅಂಕಿಗಳನ್ನು ಇಟ್ಟುಕೊಳ್ಳೋಣ. 15 ಕಿಲೋ ಬಾಕ್ಸು 300 ರೂಪಾಯಿಗೆ ಹರಾಜಾಯಿತೆಂದರೆ ಕಿಲೋಗೆ 20 ರೂಪಾಯಿ. ಕೊಯ್ಲಿನ ಕೂಲಿ, ಮಾರುಕಟ್ಟೆಗೆ ಬಾಡಿಗೆ, ಹಮಾಲಿ ಮತ್ತು ಇತರ ಕಡಿತ ಒಟ್ಟು 75 ರೂಪಾಯಿ ಎಂದಾದರೆ ರೈತನ ಕೈಗೆ ಬರುವುದು 225. ಅದೇ ಬಾಕ್ಸು ಬೆಂಗಳೂರಿನ ಬೀದಿಯಲ್ಲಿ ಕಿಲೋಗೆ 40 ರೂಪಾಯಿಯಂತೆ ಮಾರಾಟವಾಗುವಾಗ ಒಂದೂವರೆ ಕಿಲೋ ಕೊಳೆತು ಹೋದರೆ ಉಳಿದ ಹದಿಮೂರೂವರೆ ಕಿಲೋಗೆ 540 ರೂಪಾಯಿ ಬರುತ್ತದೆ. ಗಿರಾಕಿಗಳು ಕೊಟ್ಟ 540ರಲ್ಲಿ ರೈತನ ಕೈ ಸೇರಿದ್ದು 225, ಅಂದರೆ ರೂಪಾಯಿಗೆ 42 ಪೈಸೆಯಷ್ಟು, ಮತ್ತು ಇದರಲ್ಲಿ ಸಸಿ, ಗೊಬ್ಬರ, ಔಷಧಿ, ಕಡ್ಡಿಯ ಖರ್ಚನ್ನು ಇನ್ನೂ ಕಳೆದಿಲ್ಲ. ಹರಾಜಿನ 300ಕ್ಕೂ ಬೀದಿಯ 540ಕ್ಕೂ ನಡುವಿನ 240 ರೂಪಾಯಿಯಲ್ಲಿ ಸಾಗಣೆ, ನಗರದ ಸಗಟು ಮಾರುಕಟ್ಟೆಯ ಖರ್ಚು, ತಳ್ಳುಗಾಡಿಯವರ ದಿನದ ದುಡಿಮೆ ಎಲ್ಲವೂ ಸೇರಿವೆ.

ನಿಮ್ಮ ಗುಂಪಿನ ನಿಜವಾದ ಅಂಕಿಗಳನ್ನು ಹಾಕಿ ಲೆಕ್ಕ ಮಾಡಿದ ಮೇಲೆ, ರಿಸರ್ವ್ ಬ್ಯಾಂಕ್ 2024ರಲ್ಲಿ ಪ್ರಕಟಿಸಿದ ಅಧ್ಯಯನ ಪತ್ರಿಕೆಯೊಂದರ ಅಂದಾಜನ್ನು ಪಕ್ಕದಲ್ಲಿ ಇಟ್ಟು ನೋಡಿ: ಗ್ರಾಹಕ ಕೊಡುವ ರೂಪಾಯಿಯಲ್ಲಿ ಬೆಳೆಗಾರನ ಪಾಲು ಟೊಮೆಟೊಗೆ ಸುಮಾರು 33 ಪೈಸೆ, ಈರುಳ್ಳಿಗೆ 36, ಆಲೂಗಡ್ಡೆಗೆ 37 ಎಂದು ಅದು ಹೇಳಿದೆ. ನಡುವಿನವರೆಲ್ಲ ಕಳ್ಳರು ಎಂಬ ತೀರ್ಮಾನಕ್ಕೆ ಈ ಸಭೆ ಜಾರುವುದು ಬಹಳ ಸುಲಭ. ಆಗ ಕೊಳೆತ ಒಂದೂವರೆ ಕಿಲೋದ ಸಾಲನ್ನು ತೋರಿಸಿ, ಆ ನಷ್ಟವನ್ನು ಯಾರು ಹೊತ್ತರು, ಅದನ್ನು ಕಡಿಮೆ ಮಾಡಲು ದಾರಿಯಲ್ಲಿ ಎಲ್ಲಿ ಏನು ಬದಲಾಗಬೇಕಿತ್ತು ಎಂದು ಕೇಳಿ. ಬಾಕ್ಸಿನ ಅಡಿಗೆ ಕಾಗದ ಹಾಸುವುದರಿಂದ ಹಿಡಿದು ಹೊಲದ ಹತ್ತಿರ ನೆರಳಿನ ಕೊಟ್ಟಿಗೆ ಕಟ್ಟುವವರೆಗೆ ಉತ್ತರಗಳು ಬರುತ್ತವೆ. ಅವು ಆಕ್ರೋಶಕ್ಕಿಂತ ಉಪಯೋಗಕ್ಕೆ ಬರುವಂಥವು.

ರಾಗಿಯನ್ನೋ ಹಾಲನ್ನೋ ಆರಿಸಿಕೊಂಡರೆ

ರಾಗಿಯಲ್ಲಿ ಅವಸರವಿಲ್ಲ. ಹುಳು ಹಿಡಿಯದ ಈ ಧಾನ್ಯವನ್ನು ಹಿಂದೆ ನೆಲದಡಿಯ ಹಗೇವಿನಲ್ಲಿ ವರ್ಷಗಟ್ಟಲೆ ಇಡುತ್ತಿದ್ದರು, ಆದ್ದರಿಂದ ಬೆಲೆ ಬಿದ್ದ ದಿನವೇ ಮಾರಬೇಕಾದ ಒತ್ತಡ ಟೊಮೆಟೊದಷ್ಟು ಇರುವುದಿಲ್ಲ. ಸಾಲ ತೀರಿಸಬೇಕಾದವರ ಮಾತು ಬೇರೆ. ಹೊಲಕ್ಕೆ ಎರಡು ಸಲ ಹೋಗಬೇಕಾಗುತ್ತದೆ. ಆಗಸ್ಟ್, ಸೆಪ್ಟೆಂಬರಿನಲ್ಲಿ ಹೋದರೆ ರಾಗಿಯ ನಡುವಿನ ಅಕ್ಕಡಿ ಸಾಲುಗಳಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಕಾಣುತ್ತವೆ, ಮುದ್ದೆಯ ಜೊತೆಗಿನ ಸಾರೂ ಅದೇ ಹೊಲದಿಂದ ಬರುತ್ತದೆಂದು ತೋರಿಸಬಹುದು. ಕೊಯ್ದು ಮೆದೆ ಹಾಕಿದ ಬಳಿಕ, ಡಿಸೆಂಬರ್, ಜನವರಿಯಲ್ಲಿ ಒಕ್ಕಣೆ. ಕಣ ಮಾಡುವವರು ಕಡಿಮೆಯಾಗಿ, ತೆನೆಯನ್ನು ಟಾರು ರಸ್ತೆಯ ಮೇಲೆ ಹರಡಿ ವಾಹನಗಳ ಚಕ್ರಕ್ಕೆ ಬಿಡುವುದು ಹೆಚ್ಚಾಗಿದೆ. ಯಂತ್ರದ ಬಾಡಿಗೆಯನ್ನೂ ಕೂಲಿಯ ಕೊರತೆಯನ್ನೂ ವಿಚಾರಿಸಿದರೆ ಕಾರಣ ತಿಳಿಯುತ್ತದೆ. ಮಾರುಕಟ್ಟೆಯ ಹರಾಜಿನ ಬದಲು ಇಲ್ಲಿ ಸರ್ಕಾರದ ಖರೀದಿ ಕೇಂದ್ರವನ್ನು ನೋಡಬೇಕು. 2025-26ರ ಹಂಗಾಮಿಗೆ ರಾಗಿಯ ಕನಿಷ್ಠ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಕೇಂದ್ರದಲ್ಲಿ ಮಾರಲು ರೈತನಿಗೆ ಫ್ರೂಟ್ಸ್ ಎಂಬ ಸರ್ಕಾರಿ ರೈತ ನೋಂದಣಿಯ ಸಂಖ್ಯೆ ಬೇಕು. ಹೀಗೆ ಕೊಂಡ ರಾಗಿ ದಕ್ಷಿಣದ ಜಿಲ್ಲೆಗಳ ನ್ಯಾಯಬೆಲೆ ಅಂಗಡಿಗಳಿಗೆ ಬರುತ್ತದೆ. ದಾರಿಯ ಕೊನೆಯ ನಿಲ್ದಾಣ ಹಿಟ್ಟಿನ ಗಿರಣಿ. ಹಿಟ್ಟನ್ನು ಪ್ಯಾಕೆಟ್ಟಿನಲ್ಲಿ ಕೊಳ್ಳುವವರಿದ್ದರೆ ಅದರ ಮೇಲಿನ 14 ಅಂಕಿಗಳ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರದ) ಸಂಖ್ಯೆ, ತಯಾರಿಸಿದ ದಿನಾಂಕ, ಬ್ಯಾಚ್ ಸಂಖ್ಯೆಗಳನ್ನು ಓದಿಸಿ, ಗಿರಣಿಯ ಹಿಟ್ಟಿನ ಬೆಲೆಯ ಪಕ್ಕದಲ್ಲಿ ಬರೆಸಿ.

ಹಾಲು ಸಣ್ಣ ಮಕ್ಕಳಿಗೆ ಎಲ್ಲಕ್ಕಿಂತ ಸುಲಭ, ಏಕೆಂದರೆ ಇಡೀ ದಾರಿ ಒಂದು ದಿನದಲ್ಲಿ ಮುಗಿಯುತ್ತದೆ. ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘದ ಮುಂದೆ ಬೆಳಿಗ್ಗೆ ಕ್ಯಾನು ಹಿಡಿದು ನಿಂತ ಸಾಲು, ಕೊಬ್ಬಿನಂಶದ ಪರೀಕ್ಷೆ, 4 ಡಿಗ್ರಿಗೆ ತಣಿಸುವ ಶೀತಲೀಕರಣ ಘಟಕ, ಒಕ್ಕೂಟದ ಡೇರಿಯಲ್ಲಿ 72 ಡಿಗ್ರಿಯಲ್ಲಿ 15 ಸೆಕೆಂಡು ಕಾಯಿಸಿ ಮತ್ತೆ ತಣಿಸುವ ಪಾಶ್ಚರೀಕರಣ, ಮರುದಿನ ನಸುಕಿನಲ್ಲಿ ಬೂತಿನ ಮುಂದೆ ಬಂದಿಳಿಯುವ ನಂದಿನಿ ಕ್ರೇಟು. ಸಹಕಾರ ಸಂಘದ ಹಾಲಿನಲ್ಲಿ ರೂಪಾಯಿಯ ಲೆಕ್ಕವನ್ನೂ ಮಾಡಿಸಿ. ಉತ್ಪಾದಕನ ಪಾಲು ಟೊಮೆಟೊದಲ್ಲಿ ಕಂಡದ್ದಕ್ಕಿಂತ ಎಷ್ಟು ಹೆಚ್ಚಿದೆ, ಅದಕ್ಕೆ ದಿನವೂ ಒಂದೇ ದರ ಸಿಗುವುದು ಎಷ್ಟು ಕಾರಣ ಎಂಬ ಹೋಲಿಕೆ ದೊಡ್ಡವರಿಗೂ ಉಪಯುಕ್ತ.

ಕೊನೆಯ ಹೆಜ್ಜೆ: ಲೆಕ್ಕವನ್ನು ಹಿಂದಿರುಗಿಸುವುದು

ಗುಂಪು ಸಿದ್ಧಪಡಿಸಿದ ಹಾಳೆಯನ್ನು ಎಲ್ಲರ ಕಣ್ಣಿಗೆ ಬೀಳುವ ಕಡೆ, ಶಾಲೆಯಾದರೆ ಬಿಸಿಯೂಟದ ಕೋಣೆಯ ಗೋಡೆಗೆ, ಬಡಾವಣೆಯಾದರೆ ಸಂಘದ ಕಚೇರಿಯ ಮುಂದೆ ಅಂಟಿಸಿ. ಅದರ ಪ್ರತಿಯನ್ನು ರೈತನಿಗೆ, ಮಂಡಿಯವರಿಗೆ, ಬೀದಿಯ ಅಂಗಡಿಯವರಿಗೆ ತಲುಪಿಸಿ, ತಪ್ಪಿದ್ದರೆ ತಿದ್ದಲು ಕೇಳಿ. ಎಲ್ಲರೂ ಒಂದಲ್ಲ ಒಂದು ಅಂಕಿಯನ್ನು ತಿದ್ದುತ್ತಾರೆ. ಸಾಧ್ಯವಾದರೆ ರೈತ ದಂಪತಿಯನ್ನು ಒಂದು ಭಾನುವಾರ ಊಟಕ್ಕೆ ಕರೆದು, ಬಸ್ ಚಾರ್ಜು ಕೊಟ್ಟು, ನಿಮ್ಮ ಬೀದಿಯ ಅಂಗಡಿಯನ್ನು ಅವರಿಗೆ ತೋರಿಸಿ. ತಮ್ಮ ಕಾಯಿ ಯಾವ ಬೆಲೆಗೆ, ಯಾವ ಸ್ಥಿತಿಯಲ್ಲಿ ಮಾರಾಟವಾಗುತ್ತದೆ ಎಂಬುದನ್ನು ನೋಡುವ ಅವಕಾಶ ಬೆಳೆಗಾರರಿಗೆ ಸಿಗುವುದು ಅಪರೂಪ, ಆ ಹೊತ್ತಿನಲ್ಲಿ ಅವರು ಕೇಳುವ ಪ್ರಶ್ನೆಗಳನ್ನು ಬರೆದುಕೊಳ್ಳಲು ಒಬ್ಬರನ್ನು ನೇಮಿಸಿ.

ಮುಂದಿನ ಪದಾರ್ಥವನ್ನು ಅದೇ ಸಭೆಯಲ್ಲಿ ಗೊತ್ತುಮಾಡಿಕೊಂಡರೆ ಗುಂಪು ಚದುರುವುದಿಲ್ಲ. ಅವರೆಕಾಯಿಗೆ ಡಿಸೆಂಬರ್ ಮತ್ತು ಜನವರಿ, ಶ್ರೀನಿವಾಸಪುರದ ಮಾವಿಗೆ ಮೇ ಮತ್ತು ಜೂನ್ ತಿಂಗಳುಗಳು ಸರಿಯಾದವು. ಬೆಲೆಯ ಪುಸ್ತಕವನ್ನು ಅದಕ್ಕೆ ಒಂದು ತಿಂಗಳ ಮೊದಲೇ ಆರಂಭಿಸಬೇಕು.